ಬಿಸಿಲಿಗೆ ಹರವುವ ಬಟ್ಟೆ

ಮುಟ್ಟಾದಾಗ ಇಲ್ಲಿನ ಹುಡುಗಿಯರು ಏನು ಮಾಡುತ್ತಾರೆ? ಕೆನ್ಯಾದ ನೈರೋಬಿ ಬಳಿಯ ಅನಾಥಾಶ್ರಮವೊಂದಕ್ಕೆ ನೆರವಾಗುತ್ತಿದ್ದ ಅಮೆರಿಕದ ಸೆಲೆಸ್ಟ್ ಮರ್ಗೆನ್ಸ್ 2008ರಲ್ಲಿ ಕೇಳಿದ ಪ್ರಶ್ನೆಯಿದು. ಮುಗಿಯುವವರೆಗೆ ಕೋಣೆಯಲ್ಲೇ ಕೂತಿರುತ್ತಾರೆ ಎಂಬ ಉತ್ತರ ಬಂತು. ಕೂರಲು ರಟ್ಟಿನ ತುಂಡು. ಪಾಠವೂ ಇಲ್ಲ, ಹೊರಗೆ ಓಡಾಟವೂ ಇಲ್ಲ.

ಅದರಿಂದ ಹುಟ್ಟಿದ ‘ಡೇಸ್ ಫಾರ್ ಗರ್ಲ್ಸ್’ ಸಂಸ್ಥೆಗೆ ಇಂದು ಹಲವು ದೇಶಗಳಲ್ಲಿ ಸ್ಕೌಟ್ ಹುಡುಗಿಯರು, ಶಾಲಾ ಮಕ್ಕಳು, ಚರ್ಚುಗಳ ಯುವಬಳಗದವರು ಮುಟ್ಟಿನ ಬಟ್ಟೆ ಕತ್ತರಿಸಿ ಹೊಲಿದುಕೊಡುತ್ತಾರೆ. ಅದು ಅಷ್ಟು ಸಲೀಸಿನ ಕೆಲಸವಲ್ಲ.

ಆ ಅನಾಥಾಶ್ರಮಕ್ಕೆ ಮೊದಲು ಕಳಿಸಿದ್ದು ಬಳಸಿ ಎಸೆಯುವ ಪ್ಯಾಡ್. ಎಸೆಯುವುದೆಲ್ಲಿಗೆ? ಅದಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಒಗೆದು ಬಳಸುವ ಬಟ್ಟೆ ಬಂತು. ಹುಡುಗಿಯರು ಹೇಳಿದ್ದನ್ನು ಕೇಳಿ ಕೇಳಿ ಅದರ ವಿನ್ಯಾಸವನ್ನು ಮತ್ತೆ ಮತ್ತೆ ತಿದ್ದಿದರು. ಈ ಯೋಜನೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಈ ತಿದ್ದುವಿಕೆಯೇ. ನೀರು ಇಳಿಯದ ಪದರವಿರುವ ಕವಚ ಒಳಉಡುಪಿಗೆ ಸುತ್ತಿಕೊಂಡು ಟಿಚ್ ಬಟನ್‌ನಲ್ಲಿ ಕೂರುತ್ತದೆ. ಅದರೊಳಗೆ ಮಡಿಚಿ ಇಡುವುದು ಮೆತ್ತನೆಯ ಫ್ಲ್ಯಾನೆಲ್ ಬಟ್ಟೆ. ಬಿಡಿಸಿದರೆ ಅದು ಚೌಕದ ಕೈವಸ್ತ್ರದಂತೆ ಕಾಣುತ್ತದೆ. ಹಗ್ಗದ ಮೇಲೆ ಹರವಿದರೆ ಯಾರಿಗೂ ಗೊತ್ತಾಗದು. ಕಲೆ ಎದ್ದು ಕಾಣದಿರಲೆಂದು ಗಾಢ ಬಣ್ಣ, ಹೂಬಳ್ಳಿಯ ಅಚ್ಚು. ಸೈನಿಕರ ಸಮವಸ್ತ್ರದಂಥ ಚಿತ್ತಾರ ಮಾತ್ರ ಕೂಡದು. ಕೆಲವು ದೇಶಗಳಲ್ಲಿ ಅದನ್ನು ತೊಟ್ಟವರಿಗೆ ಅಪಾಯ.

ಮುಟ್ಟಿನ ಬಟ್ಟೆಯನ್ನು ಹಿತ್ತಲ ಮೂಲೆಯಲ್ಲೋ ಬೇರೆ ಬಟ್ಟೆಯ ಅಡಿಯಲ್ಲೋ ಬಚ್ಚಿಟ್ಟು ಒಣಗಿಸಿದ ಅಜ್ಜಿ, ಅಮ್ಮಂದಿರು ನಮ್ಮ ಊರುಗಳಲ್ಲೂ ಇದ್ದಾರೆ. ಪೂರ್ತಿ ಒಣಗದ ಬಟ್ಟೆ ಉಟ್ಟು ತುರಿಕೆ, ಉರಿ ಸಹಿಸಿದವರಿಗೆ ಈ ಚೌಕದ ಬೆಲೆ ಯಾರೂ ವಿವರಿಸಬೇಕಿಲ್ಲ.

ಹುಡುಗಿಯರಿಗೆ ಕೊಡುವ ಕಿಟ್‌ನ ಲಾಡಿ ಚೀಲದಲ್ಲಿ ಕವಚ, ಒಳಬಟ್ಟೆಗಳ ಜೊತೆ ಸೋಪು ಮತ್ತು ಒಳಉಡುಪನ್ನೂ ಇಡುತ್ತಾರೆ. ಒಳಉಡುಪೇ ಇಲ್ಲದ ಹುಡುಗಿಗೆ ಪ್ಯಾಡ್ ಕೊಟ್ಟು ಏನು ಪ್ರಯೋಜನ? ಜೋಪಾನ ಮಾಡಿದರೆ ಒಂದು ಕಿಟ್ ಎರಡು, ಮೂರು ವರ್ಷ ಬಾಳುತ್ತದೆ. ಹೊಲಿಗೆ ಸಡಿಲವಾದರೆ ಸೋರುವುದು ತರಗತಿಯ ನಡುವೆ. ಆದ್ದರಿಂದ ಸರಿಬಾರದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿಸುವ ಹಿರಿಯರ ಕಟ್ಟುನಿಟ್ಟು ನನಗೆ ಹಿಡಿಸುತ್ತದೆ.

ದೂರದಿಂದ ಬಂದ ಚೀಲ ಎಂದಾದರೂ ಹಳತಾಗುತ್ತದೆ, ಅಷ್ಟರಲ್ಲಿ ತಂಗಿಯೂ ದೊಡ್ಡವಳಾಗಿರುತ್ತಾಳೆ. ಅದಕ್ಕೇ ಉಗಾಂಡ, ಘಾನಾ, ನೇಪಾಳದಲ್ಲಿ ಸ್ಥಳೀಯ ಹೆಂಗಸರೇ ಈ ಹೊಲಿಗೆ ಕಲಿತು, ಕಿಟ್ ತಯಾರಿಸಿ ಮಾರುವಂತೆ ಸಂಸ್ಥೆ ತರಬೇತಿ ಕೊಡುತ್ತಿದೆ. ಹೊಸ ಬಟ್ಟೆ ಬೇಕಾದಾಗ ಅಲ್ಲಿನ ಹುಡುಗಿ ಹಡಗಿಗೆ ಕಾಯಬೇಕಿಲ್ಲ, ತನ್ನೂರಿನ ದರ್ಜಿಯಕ್ಕನ ಬಳಿ ಹೋದರೆ ಸಾಕು.