ಮಳೆಗಾಲದ ತುರಿಕೆ: ಹೂಪುಡಿಯೋ ಚಿಗಟವೋ?

"ಕಡಲೆಕಾಯಿ ಕೀಳುವ ಹೊತ್ತಿಗೆ ನಮ್ಮ ನಾಯಿ ಮುಂಗಾಲು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ, ಬೇಸಿಗೆ ಬಂದರೆ ಸುಮ್ಮನಾಗುತ್ತದೆ. ನಾಯಿಗೂ ಅಲರ್ಜಿ ಇರುತ್ತದೆಯೇ?" ಎಂದು ಮಡಕಶಿರಾ ಕಡೆಯ ಓದುಗರೊಬ್ಬರು ಕೇಳಿದ್ದಾರೆ. ಇರುತ್ತದೆ. ಆದರೆ ಕಾಂಗ್ರೆಸ್ ಗಿಡದ ಮೇಲೆ ಗೂಬೆ ಕೂರಿಸುವ ಮೊದಲು ಚಿಗಟ ಹುಡುಕಿ.

1941ರಲ್ಲಿ ಅಮೆರಿಕದ ಅಲರ್ಜಿ ವೈದ್ಯ ಫ್ರೆಡ್ ವಿಟಿಚ್ ಒಂದು ನಾಯಿಯ ಕಥೆ ಪ್ರಕಟಿಸಿದರು. ಪ್ರತಿ ಶರತ್ಕಾಲದಲ್ಲೂ ಅದಕ್ಕೆ ಮನುಷ್ಯರಂತೆಯೇ ಹೇ ಫೀವರ್, ಅಂದರೆ ಹೂಪುಡಿಯಿಂದ ಮೂಗು ಸೋರುವ ಅಲರ್ಜಿ. ಆ ದೇಶದಲ್ಲಿ ಆ ಋತುವಿನ ದೊಡ್ಡ ಖಳನಾಯಕ ರ್‍ಯಾಗ್‌ವೀಡ್ ಎಂಬ ಕಳೆ. 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಆಮೇಲೆ ದೇಶವನ್ನೆಲ್ಲ ಆವರಿಸಿದ ನಮ್ಮ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಅದರ ದಾಯಾದಿಯೇ; ಎರಡೂ ಸೂರ್ಯಕಾಂತಿ ಕುಟುಂಬದವು.

ಆದರೆ ವಿಟಿಚ್ ಕಂಡದ್ದು ಅಪರೂಪದ ನಾಯಿ. ಅಲರ್ಜಿ ಬಂದರೆ ನಮಗೆ ಮೂಗು ಸೋರುತ್ತದೆ, ಹೆಚ್ಚಿನ ನಾಯಿಗಳಿಗೆ ಚರ್ಮ ತುರಿಸುತ್ತದೆ. ಹೂಪುಡಿ, ಬೂಷ್ಟು, ಮನೆಧೂಳಿನ ನುಸಿ ಇವೆಲ್ಲ ದುರ್ಬಲ ಚರ್ಮದ ಮೂಲಕವೇ ಒಳಹೊಕ್ಕು ರೋಗನಿರೋಧಕ ಕಣಗಳನ್ನು ಕೆಣಕುತ್ತವೆ. ಆ ಕಣಗಳು ಹೊರಬಿಡುವ ಇಂಟರ್‌ಲ್ಯೂಕಿನ್-31 ಎಂಬ ಪ್ರೋಟೀನು ನರಗಳಿಗೆ 'ಕೆರೆ' ಎಂದು ಅಪ್ಪಣೆ ಕೊಡುತ್ತದೆ. ಈ ಪ್ರೋಟೀನು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 2004ರಲ್ಲಿ. ಅದರ ಸಂದೇಶವನ್ನು ತಡೆಯುವ ಓಕ್ಲಾಸಿಟಿನಿಬ್ ಮಾತ್ರೆಗೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಅದೂ ನಾಯಿಗಳಿಗೆ ಮಾತ್ರ.

ಇನ್ನು ನಮ್ಮ ಸೀಮೆಯ ವಿಚಾರ. ಹಳೆಯ ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವುದೇ 550 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ. ರಾಯದುರ್ಗದಲ್ಲಾಗಲಿ ಮಡಕಶಿರಾದಲ್ಲಾಗಲಿ ಹುಲ್ಲು ಹೂ ಬಿಡುವುದು, ಬೂಷ್ಟು ಹಿಡಿಯುವುದು, ಸೊಳ್ಳೆ ಏಳುವುದು, ಚಿಗಟ ಮರಿಯಾಗುವುದು ಎಲ್ಲ ಒಟ್ಟೊಟ್ಟಿಗೆ. ಹಾಗಾಗಿ 'ಮಳೆಗಾಲದಲ್ಲಿ ಬರುತ್ತದೆ' ಎಂದಷ್ಟೇ ಹೇಳಿದರೆ ಕಾರಣ ತಿಳಿಯುವುದಿಲ್ಲ.

ತುರಿಕೆಯನ್ನು ಕೆರೆಯ ಕೋಡಿ ಎಂದುಕೊಳ್ಳಿ. ನಾಲ್ಕಾರು ಹಳ್ಳಗಳ ನೀರು ಕೆರೆಗೆ ಬರುತ್ತದೆ. ಎಷ್ಟೋ ಸಲ ಯಾವ ಹಳ್ಳವೂ ಒಂಟಿಯಾಗಿ ಕೆರೆ ತುಂಬಿಸದು. ಎಲ್ಲ ಸೇರಿದಾಗ ಕೋಡಿ ಹರಿಯುತ್ತದೆ. ಹೂಪುಡಿಯ ಹಳ್ಳಕ್ಕೆ ಅಡ್ಡಕಟ್ಟೆ ಹಾಕಲು ಯಾರಿಂದಲೂ ಆಗದು. ಚಿಗಟದ ಹಳ್ಳಕ್ಕೆ ಹಾಕಬಹುದು. ಆ ಒಂದನ್ನು ಕಟ್ಟಿದರೇ ಎಷ್ಟೋ ನಾಯಿಗಳ ಕೋಡಿ ನಿಲ್ಲುತ್ತದೆ.

ಯಾವ ಹಳ್ಳ ಜೋರು ಎನ್ನುವುದನ್ನು ಕೆರೆತದ ಜಾಗ ಹೇಳುತ್ತದೆ. ಬಾಲದ ಬುಡ, ಸೊಂಟ, ಹಿಂದೊಡೆಯಾದರೆ ಮೊದಲ ಅನುಮಾನ ಚಿಗಟದ ಮೇಲೆ. ಪಾದ, ಕಿವಿ, ಕಂಕುಳು, ಹೊಟ್ಟೆಯಾದರೆ ಹೂಪುಡಿ, ಧೂಳು ಅಥವಾ ಆಹಾರದ ಅಲರ್ಜಿ. ಬೆಕ್ಕು ಕತ್ತಿನ ಸುತ್ತ ಸಣ್ಣ ಸಣ್ಣ ಹಕ್ಕಳೆ ಕಟ್ಟಿಕೊಳ್ಳುತ್ತದೆ, ಇಲ್ಲವೇ ಯಾರೂ ನೋಡದಾಗ ನೆಕ್ಕಿ ಹೊಟ್ಟೆ ಬೋಳು ಮಾಡಿಕೊಳ್ಳುತ್ತದೆ.

ಒಂದು ಚಿಗಟವೂ ಕಣ್ಣಿಗೆ ಬೀಳದಿದ್ದರೆ ಬಾಲದ ಬುಡವನ್ನು ಒತ್ತು ಹಲ್ಲಿನ ಬಾಚಣಿಗೆಯಿಂದ ಬಾಚಿ. ಉದುರಿದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲಿಡಿ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ರಕ್ತ ಕುಡಿದ ಚಿಗಟದ ಹಿಕ್ಕೆ. ಚಿಗಟದ ಎಂಜಲಿಗೆ ಅಲರ್ಜಿಯಿದ್ದರೆ ನಾಲ್ಕೈದು ಕಡಿತವೇ ಸಾಕು. ಪ್ರಾಣಿಗೆ ಮದ್ದು ಹಾಕಿ ಬಿಟ್ಟರೂ ಆಗದು, ಮೊಟ್ಟೆ ಮರಿಗಳಿರುವುದು ಅದು ಮಲಗುವ ಗೋಣಿಚೀಲದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ. ಗೋಣಿಯನ್ನು ಕುದಿನೀರಿನಲ್ಲಿ ಒಗೆಯಿರಿ, ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಟ್ಟಿಗೆ ಔಷಧಿ ಹಾಕಿಸಿ.

ನಾಯಿಗೆಂದು ತಂದ ಪರ್ಮೆಥ್ರಿನ್ ಮದ್ದನ್ನು ಬೆಕ್ಕಿಗೆ ಸೋಕಿಸಿದರೂ ಜೀವಕ್ಕೆ ಅಪಾಯ. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಬಳಿಯುವ ಹಳೇ ವೈದ್ಯ ಬೇಡವೇ ಬೇಡ, ನೆಕ್ಕಿದರೆ ವಿಷ. ಹೊಲದಿಂದ ಬಂದ ನಾಯಿಯ ಕಾಲು ತೊಳೆದು ಬೆರಳ ಸಂದಿ ಒರೆಸಿದರೆ ಹೂಪುಡಿಯ ಹೊರೆ ಇಳಿಯುತ್ತದೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕೀಳಿ, ನಿಮ್ಮ ಚರ್ಮಕ್ಕೂ ಅದು ಆಗದು. ಇಷ್ಟಕ್ಕೂ ನಿಲ್ಲದಿದ್ದರೆ ಪಶುವೈದ್ಯರ ಬಳಿ ಹೋಗಿ. ಕಜ್ಜಿಯೋ ಅಲರ್ಜಿಯೋ ಎಂದು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ಅವರದು.

ಕೂದಲು, ಜೊಲ್ಲು ಕಳಿಸಿದರೆ ಅಲರ್ಜಿಯ ಪಟ್ಟಿಯನ್ನೇ ಕೊಡುತ್ತೇವೆ ಎನ್ನುವ ಕಿಟ್‌ಗಳ ಜಾಹೀರಾತು ಈಗ ಮೊಬೈಲಿನಲ್ಲೂ ಬರುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಇಂಥ ಪರೀಕ್ಷೆಗೆ ನಾಯಿಗಳ ಮಾದರಿಗಳ ಜೊತೆ ಕೃತಕ ರೋಮವನ್ನೂ ಉಪ್ಪುನೀರನ್ನೂ ಕಳಿಸಿದರು. ಅವಕ್ಕೂ ಅಲರ್ಜಿ ಇದೆಯೆಂದು ವರದಿ ಬಂತು! ಆ ದುಡ್ಡಿನಲ್ಲಿ ಒಂದು ಒಳ್ಳೆಯ ಬಾಚಣಿಗೆ, ಚಿಗಟದ ಮದ್ದು ಎರಡೂ ಬರುತ್ತವೆ.