ಹಾಫ್ ಮ್ಯಾರಥಾನ್ ಜತೆಗೆ ಟ್ರಯಥ್ಲಾನ್‌ಗೂ ಹೆಸರು ಕೊಟ್ಟಿದ್ದೀರಾ? ಅಂಗಡಿ ನೋಡಿಕೊಂಡೇ ಎರಡಕ್ಕೂ ತಯಾರಿ ಹೀಗೆ

ಬೆಳಗ್ಗೆ ಬೈಪಾಸ್ ರಸ್ತೆ, ಕಾಲೇಜು ಮೈದಾನದ ಕಡೆ ಹೋದ್ರೆ ಶೂ ಹಾಕ್ಕೊಂಡು ಓಡುವವರು ಈಗ ಎಲ್ಲ ಊರಲ್ಲೂ ಸಿಗ್ತಾರೆ. ಮೊದಲು 5 ಕಿ.ಮೀ., ಆಮೇಲೆ 10 ಕಿ.ಮೀ., ಅದಾದ ಮೇಲೆ ಹಾಫ್ ಮ್ಯಾರಥಾನ್ ಆಸೆ. ಈಗ ಅದರ ಜತೆ ಟ್ರಯಥ್ಲಾನ್ ಅನ್ನೋ ಪದವೂ ಸೇರಿಕೊಂಡಿದೆ. 2024ರ ಅಕ್ಟೋಬರ್‌ನಲ್ಲಿ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಐರನ್‌ಮ್ಯಾನ್ 70.3 ಮುಗಿಸಿದ ಸುದ್ದಿ ನೀವೂ ಓದಿರಬಹುದು. ಅದು ದೊಡ್ಡ ಸ್ಪರ್ಧೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಹೊಸಬರು ಅಷ್ಟು ದೂರ ಹೋಗಬೇಕಿಲ್ಲ, ಚಿಕ್ಕದೂ ಇದೆ.

ಏನಿದು ಸ್ಪ್ರಿಂಟ್ ಟ್ರಯಥ್ಲಾನ್?

750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಇದೇ ಕ್ರಮದಲ್ಲಿ, ಮಧ್ಯೆ ವಿಶ್ರಾಂತಿ ಇಲ್ಲದೆ ಮುಗಿಸಬೇಕು. ಬಟ್ಟೆ, ಶೂ ಬದಲಿಸುವ ಸಮಯವೂ ಲೆಕ್ಕಕ್ಕೆ ಬರುತ್ತೆ. ಸುಸ್ತಾದ ಮೇಲೆ ನೀರಿಗಿಳಿದರೆ ಅಪಾಯ ಅಂತಲೇ ಈಜು ಮೊದಲು ಇಟ್ಟಿದ್ದಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಟ್ರಯಥ್ಲಾನ್ ಒಲಿಂಪಿಕ್ಸ್‌ನಲ್ಲೂ ಇದೆ. ಅಲ್ಲಿ ದೂರ ಇದರ ಎರಡು ಪಟ್ಟು.

ಎರಡು ಟೈಮ್‌ಟೇಬಲ್ ಕೂಡಿಸಬೇಡಿ

ಮೊಬೈಲ್‌ನಲ್ಲಿ ಹುಡುಕಿದರೆ ಹಾಫ್ ಮ್ಯಾರಥಾನ್‌ಗೆ ಒಂದು ಟೈಮ್‌ಟೇಬಲ್, ಟ್ರಯಥ್ಲಾನ್‌ಗೆ ಇನ್ನೊಂದು ಸಿಗುತ್ತೆ. ಮೊದಲನೆಯದರಲ್ಲಿ ವಾರಕ್ಕೆ 4 ಓಟ ಅಂದುಕೊಳ್ಳಿ. ಎರಡನೆಯದರಲ್ಲಿ ಈಜು, ಸೈಕಲ್, ಓಟ ಎರಡೆರಡು ಸಲ, ಅಂದ್ರೆ 6. ಎರಡೂ ಕೂಡಿಸಿದರೆ 10. ವಾರದಲ್ಲಿ ಇರೋದು ಏಳೇ ದಿನ, ಅದರಲ್ಲೂ ಅಂಗಡಿ ಬಾಗಿಲು ತೆಗೆಯೋ ಕೆಲಸ ಬೇರೆ. ಹೀಗೆ ಮಾಡಿದವರಿಗೆ ಮೊದಲು ಹಿಮ್ಮಡಿ ನೋವು, ಆಮೇಲೆ ಮಂಡಿ ನೋವು ಶುರುವಾದರೆ ಆಶ್ಚರ್ಯವಿಲ್ಲ.

ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತೆ. ಸೈಕಲ್ ತುಳಿಯುವಾಗ, ಈಜುವಾಗ ಆ ಪೆಟ್ಟು ಇಲ್ಲ. ಆದ್ರೆ ಹೃದಯ, ಶ್ವಾಸಕೋಶಕ್ಕೆ ಕೆಲಸ ಸಿಗುತ್ತೆ. ಆದ್ದರಿಂದ ಉಪಾಯ ಸರಳ: ವಾರದ ದೂರದ ಓಟ ಮತ್ತು ಒಂದು ವೇಗದ ಓಟ ಉಳಿಸಿಕೊಳ್ಳಿ. ಉಳಿದ ಓಟ ಕಡಿಮೆ ಮಾಡಿ, ಆ ಜಾಗಕ್ಕೆ ಈಜು, ಸೈಕಲ್ ಹಾಕಿ.

ಒಂದು ವಾರ ಹೀಗಿರಲಿ

ನಿಮ್ಮೂರ ಸಂತೆ ಸೋಮವಾರ ಅಂದುಕೊಂಡು ಈ ಪಟ್ಟಿ. ಸಂತೆ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ನಿಂತೇ ಇರ್ತೀರಿ, ಕಾಲಿಗೆ ಅದೂ ಕೆಲಸವೇ. ಅವತ್ತು ತರಬೇತಿಗೆ ರಜೆ ಕೊಡಿ. ಸಂತೆ ಬೇರೆ ದಿನ ಇದ್ರೆ ಪಟ್ಟಿಯನ್ನ ಹಿಂದೆ ಮುಂದೆ ಸರಿಸಿಕೊಳ್ಳಿ.

- ಸೋಮವಾರ: ರಜೆ
- ಮಂಗಳವಾರ: ಈಜು, 40 ನಿಮಿಷ
- ಬುಧವಾರ: 6 ಕಿ.ಮೀ. ಓಟ, ಮಧ್ಯದ 3 ಕಿ.ಮೀ. ಸ್ವಲ್ಪ ಜೋರಾಗಿ
- ಗುರುವಾರ: ಈಜು, 40 ನಿಮಿಷ
- ಶುಕ್ರವಾರ: 20 ಕಿ.ಮೀ. ಸೈಕಲ್, ಇಳಿದ ತಕ್ಷಣ 2 ಕಿ.ಮೀ. ಓಟ
- ಶನಿವಾರ: 4 ಕಿ.ಮೀ. ನಿಧಾನದ ಓಟ. ಸುಸ್ತಿದ್ದರೆ ಬಿಟ್ಟುಬಿಡಿ
- ಭಾನುವಾರ: ದೂರದ ಓಟ

ಎಲ್ಲ ಸೇರಿ ವಾರಕ್ಕೆ ಐದೂವರೆ ಗಂಟೆ ಆಸುಪಾಸು. ಶುಕ್ರವಾರದ್ದನ್ನ ತಪ್ಪಿಸಬೇಡಿ. ಸೈಕಲ್ ಇಳಿದು ಓಡಿದರೆ ಮೊದಲ ಹತ್ತು ನಿಮಿಷ ಕಾಲು ಮರದ ಕೊರಡಿನ ಹಾಗಿರುತ್ತೆ. ಸ್ಪರ್ಧೆ ದಿನ ಗಾಬರಿ ಆಗಬಾರದು ಅಂದ್ರೆ ಮೊದಲೇ ರೂಢಿ ಇರಬೇಕು.

ಭಾನುವಾರದ ಓಟ 8 ಕಿ.ಮೀ.ನಿಂದ ಶುರು ಮಾಡಿ ವಾರಕ್ಕೆ 1ರಿಂದ 2 ಕಿ.ಮೀ. ಏರಿಸಿ. ಪ್ರತಿ ನಾಲ್ಕನೇ ವಾರ ದೂರ ಇಳಿಸಿ. 16ರಿಂದ 18 ಕಿ.ಮೀ. ಮುಟ್ಟಿದರೆ ಸಾಕು, ಪೂರ್ತಿ 21 ಓಡಿ ನೋಡಬೇಕಿಲ್ಲ. ಪಕ್ಕದವರ ಜತೆ ಮಾತಾಡುತ್ತಾ ಓಡುವಷ್ಟು ನಿಧಾನ ಇರಲಿ. ಸ್ಪರ್ಧೆ ದಿನ ಕಿ.ಮೀ.ಗೆ 7 ನಿಮಿಷದಂತೆ ಓಡಿದರೂ 21.1 ಕಿ.ಮೀ. ಎರಡೂವರೆ ಗಂಟೆಯೊಳಗೆ ಮುಗಿಯುತ್ತೆ. ಗಂಟೆ ಮೀರಿದ ಓಟಕ್ಕೆ ಉಪ್ಪು, ಸಕ್ಕರೆ ಹಾಕಿದ ನಿಂಬೆ ಪಾನಕ ಜತೆಗಿರಲಿ. ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು ಸಾಕು.

ಈಜು: ಇಲ್ಲೇ ಜೀವದ ಪ್ರಶ್ನೆ

ನಮ್ಮ ತಾಲ್ಲೂಕುಗಳ ದೊಡ್ಡ ಸಮಸ್ಯೆ ಈಜುಕೊಳ ಹತ್ತಿರ ಇಲ್ಲದಿರೋದು. ಹಾಗಂತ ಕೆರೆಗೆ ಒಬ್ಬರೇ ಇಳಿಯಬೇಡಿ. ಮಣ್ಣು ತೆಗೆದ ಗುಂಡಿಗಳು ಮೇಲಿಂದ ಕಾಣಲ್ಲ. ಎರಡು ಹೆಜ್ಜೆ ಮುಂದಿಟ್ಟರೆ ಆಳ, ಕೆಳಗೆ ಹೂಳು. ಕೃಷಿ ಹೊಂಡವಂತೂ ಬೇಡವೇ ಬೇಡ. ಒಳಗಿನ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತೆ, ಈಜು ಬರುವವರಿಗೂ ಹತ್ತೋಕೆ ಆಗಲ್ಲ. ನೀರು ಬಿಟ್ಟಿರುವ ಕಾಲುವೆಯಲ್ಲಿ ಸೆಳೆತ ಜೋರಿರುತ್ತೆ, ಪಕ್ಕದ ಗೋಡೆ ಹಿಡಿಯೋಕೆ ಸಿಗಲ್ಲ.

ಜಿಲ್ಲಾ ಕೇಂದ್ರದ ಈಜುಕೊಳಕ್ಕೆ ವಾರಕ್ಕೆ ಒಂದೇ ಸಲ ಹೋಗೋಕೆ ಆದರೂ ಪರವಾಗಿಲ್ಲ, ಗುರುವಾರದ ಈಜಿನ ಬದಲು ಸೈಕಲ್ ತುಳಿಯಿರಿ. ಟ್ರಯಥ್ಲಾನ್‌ನಲ್ಲಿ ಇಂಥದ್ದೇ ಶೈಲಿ ಅಂತಿಲ್ಲ, ಯಾವ ಥರ ಈಜಿದರೂ ನಡೆಯುತ್ತೆ. 25 ಮೀಟರ್ ಕೊಳದಲ್ಲಿ 750 ಮೀಟರ್ ಅಂದ್ರೆ 30 ಸಲ ಆ ತುದಿಯಿಂದ ಈ ತುದಿಗೆ. ಅಷ್ಟನ್ನ ನಿಲ್ಲದೆ ಈಜೋಕೆ ಬರುವವರೆಗೆ ಟ್ರಯಥ್ಲಾನ್‌ಗೆ ಹಣ ಕಟ್ಟಬೇಡಿ.

ರಸ್ತೆ ಮೇಲೆ

ದುಬಾರಿ ಸೈಕಲ್ ಬೇಕಿಲ್ಲ. ಬ್ರೇಕ್, ಚೈನ್, ಟೈರ್ ಗಾಳಿ ಸರಿಯಿದ್ದರೆ ಇರೋದರಲ್ಲೇ ಮಾಡಬಹುದು. ಹೆಲ್ಮೆಟ್ ಮಾತ್ರ ಕಡ್ಡಾಯ. ಸ್ಪರ್ಧೆಯಲ್ಲಿ ಹೆಲ್ಮೆಟ್ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ಕತ್ತಲಿರುವಾಗ ಹೆದ್ದಾರಿಗೆ ಹೋಗಬೇಡಿ. ಓಡುವಾಗ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಗಡೆ, ಸೈಕಲ್ ಆದರೆ ಎಡಗಡೆ.

ಎರಡು ಸ್ಪರ್ಧೆ ನಡುವೆ ಎಷ್ಟು ಅಂತರ?

ಟ್ರಯಥ್ಲಾನ್ ಮೊದಲು, ಮೂರ್ನಾಲ್ಕು ವಾರ ಬಿಟ್ಟು ಹಾಫ್ ಮ್ಯಾರಥಾನ್ ಆದರೆ ಒಳ್ಳೇದು. ಮುಂಬೈ ಮ್ಯಾರಥಾನ್ ಜನವರಿಯಲ್ಲಿ ಬರುತ್ತೆ, ಅದರಲ್ಲಿ ಹಾಫ್ ವಿಭಾಗವೂ ಇದೆ. ಅದು ಗುರಿಯಾಗಿದ್ರೆ ಟ್ರಯಥ್ಲಾನನ್ನ ಡಿಸೆಂಬರ್ ಮಧ್ಯದೊಳಗೆ ಮುಗಿಸಿಕೊಳ್ಳಿ. ಹಾಫ್ ಮೊದಲು ಬಂದರೆ ಅದಾದ ಮೇಲೆ ಒಂದು ವಾರ ಓಟ ಪೂರ್ತಿ ನಿಲ್ಲಿಸಿ, ಈಜು, ಸೈಕಲ್ ಮಾತ್ರ ಮಾಡಿ. ಹಾಫ್ ಮ್ಯಾರಥಾನ್‌ಗೆ ಮುಂಚಿನ ಎರಡು ವಾರ ಓಟದ ದೂರ ಇಳಿಸುತ್ತಾ ಬನ್ನಿ.

ಹಣ ಕಟ್ಟುವ ಮುನ್ನ ನೋಡಿಕೊಳ್ಳಿ

- 40 ದಾಟಿದ್ದರೆ, ಶುಗರ್, ಬಿಪಿ ಇದ್ದರೆ ಡಾಕ್ಟರ್‌ಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಓಡುವಾಗ ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಿ.
- ಈಜು ಕೊಳದಲ್ಲೋ, ಕೆರೆ ಅಥವಾ ಸಮುದ್ರದಲ್ಲೋ? ರಕ್ಷಣಾ ದೋಣಿ ಇರುತ್ತಾ? ಆಯೋಜಕರನ್ನ ಕೇಳಿ.
- ಎಷ್ಟು ಹೊತ್ತಿನೊಳಗೆ ಮುಗಿಸಬೇಕು, ಬರೋಕಾಗದಿದ್ದರೆ ಹಣ ವಾಪಸ್ ಕೊಡ್ತಾರಾ ಅನ್ನೋದನ್ನ ಓದಿಕೊಳ್ಳಿ.
- ಆ ವಾರ ಹಬ್ಬದ ವ್ಯಾಪಾರವೋ, ಮನೆಯಲ್ಲಿ ಮದುವೆಯೋ ಇದೆಯಾ? ಇದ್ದರೆ ಒಂದನ್ನ ಮುಂದಿನ ವರ್ಷಕ್ಕಿಡಿ. ಎರಡನ್ನೂ ಒಂದೇ ವರ್ಷ ಮಾಡಲೇಬೇಕು ಅಂತ ಎಲ್ಲೂ ನಿಯಮ ಇಲ್ಲ.