ದೇವರಿಲ್ಲದ ಮಠ, ಕವಿಗಳ ಅಚ್ಚುಕೂಟ

ಪ್ಯಾರಿಸ್ಸಿನ ಆಗ್ನೇಯಕ್ಕೆ, ಮಾರ್ನ್ ನದಿಯ ದಡದಲ್ಲಿ ಕ್ರೆತೇಯ್ ಎಂಬ ಊರಿದೆ. ಇಂದು ಅದು ಮಹಾನಗರದ ಹೊಟ್ಟೆಗೆ ಸೇರಿಹೋದ ಉಪನಗರ. ಮೆಟ್ರೊ ರೈಲು ಅಲ್ಲಿಯವರೆಗೂ ಓಡುತ್ತದೆ. ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. 1906ರ ಶರತ್ಕಾಲದಲ್ಲಿ ಅಲ್ಲಿನ ಒಂದು ಹಳೆಯ ತೋಟದ ಮನೆಯನ್ನು ಬಾಡಿಗೆಗೆ ಹಿಡಿದು ಕೆಲವು ಯುವಕರು ಬಿಡಾರ ಹೂಡಿದರು. ಎಲ್ಲರೂ ಇಪ್ಪತ್ತೈದರ ಆಸುಪಾಸಿನವರು. ಹೆಚ್ಚಿನವರು ಕವಿಗಳು, ಒಬ್ಬ ಚಿತ್ರಕಾರ, ಮುದ್ರಣದ ಕೆಲಸ ಬಲ್ಲ ಒಬ್ಬ ಗೆಳೆಯ. ಜೊತೆಗೆ ಒಂದು ಮುದ್ರಣ ಯಂತ್ರ. ತಮ್ಮ ಮನೆಗೆ ಅವರು ಇಟ್ಟುಕೊಂಡ ಹೆಸರು 'ಅಬೆಯಿ', ಎಂದರೆ ಮಠ. ದೇವರಿಲ್ಲ, ಗುರುವಿಲ್ಲ, ದೀಕ್ಷೆಯೂ ಇಲ್ಲದ ಮಠ.

ಈ ಮಠ ಬಾಳಿದ್ದು ಒಂದೂವರೆ ವರ್ಷವೂ ಇಲ್ಲ. 1908ರ ಆರಂಭದಲ್ಲಿ ಬಾಗಿಲು ಮುಚ್ಚಿತು. ಆದರೂ ಇಪ್ಪತ್ತನೆಯ ಶತಮಾನದ ಫ್ರೆಂಚ್ ಸಾಹಿತ್ಯದ, ಚಿತ್ರಕಲೆಯ ಚರಿತ್ರೆ ಬರೆಯುವವರು ಕ್ರೆತೇಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಕಾರಣ, ಅಲ್ಲಿ ಪರೀಕ್ಷೆಗೆ ಒಡ್ಡಿದ್ದ ಪ್ರಶ್ನೆ ಬರೀ ಕಲೆಯದಲ್ಲ, ಹೊಟ್ಟೆಪಾಡಿನದು. ಕವಿ ಯಾರ ಹಂಗಿಗೂ ಬೀಳದೆ, ಯಾವ ಕಚೇರಿಯಲ್ಲೂ ಗುಮಾಸ್ತಿಕೆ ಮಾಡದೆ, ತನ್ನ ಕೈಕಸುಬಿನಿಂದ ಬದುಕಬಲ್ಲನೇ?

ಕನಸು ಕಂಡವರಲ್ಲಿ ಮೊದಲಿಗ ಶಾರ್ಲ್ ವಿಲ್ದ್ರಾಕ್. ನಿಜನಾಮ ಶಾರ್ಲ್ ಮೆಸಾಜೆ. ವಾಲ್ಟರ್ ಸ್ಕಾಟನ ಕಾದಂಬರಿಯೊಂದರ ಪಾತ್ರದಿಂದ ಕಾವ್ಯನಾಮ ಎತ್ತಿಕೊಂಡಿದ್ದ. ಅವನ ತಂದೆ 1871ರ ಪ್ಯಾರಿಸ್ ಕಮ್ಯೂನ್ ದಂಗೆಯಲ್ಲಿ ಪಾಲ್ಗೊಂಡು ಗಡೀಪಾರಾದವನು. ಎರಡನೆಯವನು ಜಾರ್ಜ್ ದುಹಮೆಲ್, ವೈದ್ಯಕೀಯ ವಿದ್ಯಾರ್ಥಿ. ಅವನ ಸಹೋದರಿ ರೋಜ್ ವಿಲ್ದ್ರಾಕನ ಹೆಂಡತಿ. ಹಾಗಾಗಿ ಮಠದ ಬುಡದಲ್ಲೇ ಭಾವ-ಭಾವಮೈದುನರ ನಂಟಿತ್ತು. ಚಿತ್ರಕಾರ ಆಲ್ಬೆರ್ ಗ್ಲೇಜ್ ತಂದೆಯ ಕಾರ್ಯಾಗಾರದಲ್ಲಿ ಬಟ್ಟೆಗೆ ವಿನ್ಯಾಸ ಬರೆಯುತ್ತಿದ್ದವನು. ರೆನೆ ಆರ್ಕೊಸ್, ಅಲೆಕ್ಸಾಂದ್ರ ಮೆರ್ಸೆರೊ, ಆನ್ರಿ ಮಾರ್ತಾಂ ಬಾರ್ಜುನ್ ಉಳಿದ ಕವಿಗಳು. ಹಣದ ವಿಷಯದಲ್ಲಿ ಮಠ ಆತುಕೊಂಡಿದ್ದು ಮುಖ್ಯವಾಗಿ ಬಾರ್ಜುನ್‌ನನ್ನು. ಮುದ್ರಣದ ಗೆಳೆಯನ ಹೆಸರು ಲೂಸಿಯಾಂ ಲಿನಾರ್.

ಆ ಕಾಲದ ಗಾಳಿಯೇ ಹಾಗಿತ್ತು. ಬೇಹುಗಾರಿಕೆಯ ಸುಳ್ಳು ಆರೋಪಕ್ಕೆ ಸಿಕ್ಕಿ ಜೈಲು ಕಂಡಿದ್ದ ಯಹೂದಿ ಸೇನಾಧಿಕಾರಿ ಡ್ರೇಫಸ್‌ನ ಪ್ರಕರಣ ಫ್ರಾನ್ಸನ್ನು ಎರಡು ಹೋಳು ಮಾಡಿತ್ತು. ಬರಹಗಾರರು, ಅಧ್ಯಾಪಕರು ಬೀದಿಗಿಳಿದಿದ್ದರು. ದುಡಿಯುವ ಜನರಿಗಾಗಿ 'ಜನತಾ ವಿಶ್ವವಿದ್ಯಾಲಯ'ಗಳೆಂಬ ಸಂಜೆ ತರಗತಿಗಳು ಊರೂರಲ್ಲಿ ಹುಟ್ಟಿದ್ದವು. ಗ್ಲೇಜ್ ಮತ್ತು ಗೆಳೆಯರು 1905ರ ಕೊನೆಗೆ ಇಂಥದೇ ಉದ್ದೇಶದ ಎರ್ನೆಸ್ಟ್ ರೆನಾನ್ ಸಂಘವನ್ನು ಕಟ್ಟಿದ್ದರು. ಕಾರ್ಮಿಕನಿಗೆ ಕಲೆ ಬೇಕು ಎಂದು ಭಾಷಣ ಮಾಡುತ್ತಿದ್ದವರಿಗೆ, ಕಲಾವಿದನೂ ಕಾರ್ಮಿಕನಾದರೆ ಹೇಗೆ ಎಂಬ ಯೋಚನೆ ಹೊಳೆದುದು ಸಹಜವೇ.

ಉಪಾಯ ಸರಳವಾಗಿತ್ತು. ಎಲ್ಲರೂ ದಿನದ ಕೆಲವು ಗಂಟೆ ಅಚ್ಚುಕೂಟದಲ್ಲಿ ದುಡಿಯುವುದು. ಮೊಳೆ ಜೋಡಿಸುವುದು, ಕರಡು ತಿದ್ದುವುದು, ಯಂತ್ರ ನಡೆಸುವುದು, ಹಾಳೆ ಮಡಿಚಿ ಹೊಲಿಯುವುದು. ತಮ್ಮ ಪುಸ್ತಕಗಳ ಜೊತೆ ಹೊರಗಿನವರ ಪುಸ್ತಕಗಳನ್ನೂ ಅಚ್ಚು ಹಾಕಿ ಕೊಟ್ಟು ಸಂಪಾದಿಸುವುದು. ಉಳಿದ ಹೊತ್ತೆಲ್ಲ ತಮ್ಮ ತಮ್ಮ ಬರವಣಿಗೆಗೆ, ಚಿತ್ರಕ್ಕೆ.

ಮಠದ ಕಲ್ಪನೆ ಬಂದದ್ದು ಹದಿನಾರನೆಯ ಶತಮಾನದ ಹಾಸ್ಯಗಾರ ಫ್ರಾನ್ಸ್ವಾ ರಬೆಲೆಯಿಂದ. ಅವನ 'ಗಾರ್ಗಾಂಚುವ' ಎಂಬ ಕೃತಿಯಲ್ಲಿ ಥೆಲೆಮ್ ಎಂಬ ಮಠ ಬರುತ್ತದೆ. ಅದಕ್ಕೆ ಸುತ್ತುಗೋಡೆಯಿಲ್ಲ, ಹೊತ್ತು ತೋರಿಸುವ ಗಡಿಯಾರವಿಲ್ಲ; ತೋಚಿದಂತೆ ಬಾಳುವುದೊಂದೇ ನಿಯಮ. ಕ್ರೆತೇಯ್‌ನ ಯುವಕರು ರಬೆಲೆಯ ಸಾಲುಗಳನ್ನು ತಮ್ಮ ಬಾಗಿಲಿಗೇ ಬರೆಸಿದ್ದರು. ಆದರೆ ಅದೇ ಅಧ್ಯಾಯಗಳ ಇನ್ನೊಂದು ಮಾತನ್ನು ಅವರು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಥೆಲೆಮ್ ಮಠದ ಖರ್ಚಿಗೆ ದೈತ್ಯರಾಜ ಗಾರ್ಗಾಂಚುವ ಕೈಬಿಚ್ಚಿ ಹಣ ಸುರಿದಿರುತ್ತಾನೆ. ಪಕ್ಕದ ತೋಪಿನಲ್ಲೇ ಅಕ್ಕಸಾಲಿಗರು, ದರ್ಜಿಗಳು, ಕಸೂತಿಯವರು ಸಾಲುಮನೆಗಳಲ್ಲಿ ಕುಳಿತು ಮಠವಾಸಿಗಳಿಗಾಗಿ ದುಡಿಯುತ್ತಿರುತ್ತಾರೆ. ತೋಚಿದಂತೆ ಬಾಳುವವರ ಬೆನ್ನಿಗೆ ಕೇಳಿದ್ದನ್ನು ಮಾಡಿಕೊಡುವವರ ಒಂದು ಬೀದಿಯೇ ಇತ್ತು! ಕ್ರೆತೇಯ್‌ನಲ್ಲಿ ಆ ಬೀದಿಯೂ ತಾವೇ, ಮಠವೂ ತಾವೇ ಆಗಬೇಕಿತ್ತು.

ಮೊದಮೊದಲು ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಮಠದ ಹೆಸರಿನಲ್ಲಿ ಹೊರಬಂದ ಪುಸ್ತಕಗಳು ಸುಮಾರು 20. ದುಹಮೆಲ್‌ನ ಮೊದಲ ಕವನ ಸಂಗ್ರಹ 1907ರಲ್ಲಿ ಅಲ್ಲೇ ಅಚ್ಚಾಯಿತು. ಪ್ಯಾರಿಸ್ಸಿನ ಸಾಹಿತ್ಯ ವಲಯದವರು ನೋಡಲು ಬರುತ್ತಿದ್ದರು. ಮುಂದೆ ಫ್ಯೂಚರಿಸ್ಟ್ ಪಂಥದ ನಗಾರಿ ಬಾರಿಸಿದ ಇಟಲಿಯ ಮರಿನೆತ್ತಿ ಹೀಗೆ ಬಂದುಹೋದವರಲ್ಲಿ ಒಬ್ಬ.

ಮಠವಾಸಿಯಲ್ಲದ ಒಬ್ಬ ಕವಿಯ ಪುಸ್ತಕ ಅದರ ಹೆಸರನ್ನು ಉಳಿಸಿತು ಎನ್ನಬೇಕು. ಅವನು ಜೂಲ್ ರೋಮ್ಯಾಂ. 1903ರ ಒಂದು ಸಂಜೆ ಪ್ಯಾರಿಸ್ಸಿನ ಗಿಜಿಗುಡುವ ಬೀದಿಯಲ್ಲಿ ನಡೆಯುತ್ತಿದ್ದಾಗ, ಸುತ್ತಲಿನ ಜನ, ಗಾಡಿ, ಅಂಗಡಿಗಳೆಲ್ಲ ಸೇರಿ ಒಂದೇ ಜೀವವಾಗಿ ಉಸಿರಾಡುತ್ತಿವೆ ಎಂಬ ಅನುಭವ ಅವನಿಗಾಯಿತಂತೆ. ಆಗಿನ್ನೂ ಶಾಲಾ ವಿದ್ಯಾರ್ಥಿ. ಒಬ್ಬೊಬ್ಬನ ಒಳಗುದಿಗಿಂತ ಗುಂಪಿನ ಚೇತನವನ್ನು ಹಾಡಬೇಕೆಂಬ ಆ ತತ್ತ್ವಕ್ಕೆ 'ಯುನಾನಿಮಿಸಂ', ಎಂದರೆ ಏಕಾತ್ಮವಾದ ಎಂಬ ಹೆಸರು ಬಂತು. ಅದರ ಮುಖ್ಯ ಕಾವ್ಯ 'ಲಾ ವಿ ಯುನಾನಿಮ್' 1908ರಲ್ಲಿ ಬಂದದ್ದು ಕ್ರೆತೇಯ್‌ನ ಯಂತ್ರದಿಂದ. ಗುಂಪಿನ ಬಾಳನ್ನು ಕೊಂಡಾಡುವ ಕಾವ್ಯಕ್ಕೆ ಮೊಳೆ ಜೋಡಿಸುತ್ತಿದ್ದ ಹೊತ್ತಿಗೆ ಜೋಡಿಸುವವರ ಗುಂಪೇ ಒಡೆಯುತ್ತಿತ್ತು.

ಲೆಕ್ಕ ಎಲ್ಲಿ ತಪ್ಪಿತು? ಅಚ್ಚುಕೂಟ ನಡೆಯಬೇಕಾದರೆ ಕರಪತ್ರ, ರಸೀದಿ ಪುಸ್ತಕ, ಮದುವೆ ಆಮಂತ್ರಣ ಬರುತ್ತಿರಬೇಕು ಎಂಬುದು ನಮ್ಮೂರಿನ ಯಾವ ಪ್ರೆಸ್ ಮಾಲೀಕನಿಗೂ ಗೊತ್ತು. ಇವರ ಗಿರಾಕಿಗಳೋ ಬಹುಪಾಲು ಇವರಂತೆಯೇ ಬಡ ಕವಿಗಳು. ಕವನ ಸಂಗ್ರಹ ಕೊಳ್ಳುವವರಿಗಿಂತ ಬರೆಯುವವರೇ ಹೆಚ್ಚು ಎಂಬುದು ಫ್ರಾನ್ಸಿಗೂ ಸಲ್ಲುವ ಮಾತು. ಮೂಲಧನ ಕರಗಿತು. ಕೆಲಸ ಯಾರು ಎಷ್ಟು ಮಾಡಬೇಕು, ಮಠ ಯಾವ ದಿಕ್ಕಿಗೆ ಸಾಗಬೇಕು ಎಂಬ ಜಗಳಗಳು ಬೆಳೆದವು. ಇಂಥ ಕಡೆ ಹೆಂಗಸರ ದುಡಿಮೆಯ ಲೆಕ್ಕ ಚರಿತ್ರೆಯಲ್ಲಿ ಸಿಗುವುದು ಕಡಿಮೆ. ಕವಿಗಳ ಹೆಸರಷ್ಟೇ ಉಳಿದಿದೆ. 1907ರ ನವೆಂಬರಿನಲ್ಲಿ ಬಾರ್ಜುನ್ ದಂಪತಿಗೆ ಕ್ರೆತೇಯ್‌ನಲ್ಲೇ ಗಂಡು ಮಗುವಾಯಿತು. ಆ ಮಗುವೇ ಮುಂದೆ ಅಮೆರಿಕದ ಹೆಸರಾಂತ ಸಂಸ್ಕೃತಿ ಚರಿತ್ರಕಾರ ಜಾಕ್ ಬಾರ್ಜುನ್. 2012ರಲ್ಲಿ, 104ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ಮಠ ಇರಲಿಲ್ಲ.

ಚದುರಿದವರು ಮಾತ್ರ ದೊಡ್ಡವರಾದರು. ಗ್ಲೇಜ್ 1912ರಲ್ಲಿ ಜಾಂ ಮೆತ್ಸಾಂಜೆಯೊಂದಿಗೆ ಸೇರಿ ಕ್ಯೂಬಿಸಂ ಕುರಿತ ಮೊದಲ ಪುಸ್ತಕ ಬರೆದ. ದುಹಮೆಲ್ ಮೊದಲ ಮಹಾಯುದ್ಧದಲ್ಲಿ ಶಸ್ತ್ರವೈದ್ಯನಾಗಿ ಕಂಡದ್ದನ್ನು ಬರೆದು 1918ರ ಗೊಂಕೂರ್ ಪ್ರಶಸ್ತಿ ಪಡೆದ, 1935ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ. ಆರ್ಕೊಸ್‌ನ ಕಥೆ ನಮಗೆ ಇನ್ನಷ್ಟು ಹತ್ತಿರದ್ದು. 1923ರಲ್ಲಿ ರೊಮಾಂ ರೊಲಾಂನ ಬೆಂಬಲದಿಂದ ಹುಟ್ಟಿದ 'ಯೂರೋಪ್' ಪತ್ರಿಕೆಯ ಸಂಪಾದಕರಲ್ಲಿ ಅವನೊಬ್ಬ. ಗಾಂಧೀಜಿಯನ್ನು ಯೂರೋಪಿನ ಓದುಗರಿಗೆ ಪರಿಚಯಿಸಿದ ರೊಲಾಂನ ಬರಹ ಆ ವರ್ಷ ಕಂತು ಕಂತಾಗಿ ಬಂದದ್ದು ಅದೇ ಪತ್ರಿಕೆಯಲ್ಲಿ.

ಮಠವನ್ನು ಯಾರೂ ಮರೆಯಲಿಲ್ಲ. ನೆನೆದ ರೀತಿ ಮಾತ್ರ ಬೇರೆ ಬೇರೆ. ದುಹಮೆಲ್ 1937ರಲ್ಲಿ, ಹತ್ತು ಸಂಪುಟಗಳ ತನ್ನ ಪಾಸ್ಕಿಯೆ ಮನೆತನದ ಕಥೆಯ ಐದನೆಯ ಸಂಪುಟವನ್ನು ಇದಕ್ಕೇ ಮೀಸಲಿಟ್ಟ. ಅಲ್ಲಿ ಊರಿನ ಹೆಸರು ಬಿಯೆವ್ರ್. ಯಂತ್ರವಿದೆ, ಗೆಳೆಯರಿದ್ದಾರೆ, ಸಣ್ಣ ಸಣ್ಣ ಅಸಹನೆಗಳು ದೊಡ್ಡ ಆದರ್ಶವನ್ನು ತಿಂದುಹಾಕುವ ಬಗೆಯಿದೆ. ಮೂವತ್ತು ವರ್ಷ ಕಳೆದರೂ ಗಾಯ ಮಾಗಿರಲಿಲ್ಲ ಎನಿಸುತ್ತದೆ. ವಿಲ್ದ್ರಾಕ್ ಮಕ್ಕಳಿಗಾಗಿ 1924ರಲ್ಲಿ 'ಗುಲಾಬಿ ದ್ವೀಪ' ಬರೆದ. ಅದರಲ್ಲಿ ಸಿರಿವಂತನೊಬ್ಬ ಬಡಮಕ್ಕಳಿಗಾಗಿ ಒಂದು ಸುಖದ ದ್ವೀಪವನ್ನು ಸಜ್ಜುಮಾಡುತ್ತಾನೆ. ಮುಂದಿನ ಭಾಗದಲ್ಲಿ ಆ ಸಿರಿವಂತ ದಿವಾಳಿಯಾಗುತ್ತಾನೆ.

ಗ್ಲೇಜ್ ಮತ್ತೊಮ್ಮೆ ಕಟ್ಟಿದ. 1927ರಲ್ಲಿ ರೋನ್ ನದಿಯ ದಡದ ಸಾಬ್ಲೊಂ ಎಂಬಲ್ಲಿ ಮೊಲಿ-ಸಬಾತಾ ಎಂಬ ಹಳೆಯ ಮನೆಯಲ್ಲಿ ಕಲಾವಿದರಿಗೆ ನೆಲೆ ಕಲ್ಪಿಸಿದ. ಈ ಸಲ ಅಚ್ಚುಯಂತ್ರವಿಲ್ಲ; ಕೈತೋಟ ಮತ್ತು ಕೈಕಸುಬು. ಆಸ್ಟ್ರೇಲಿಯದಿಂದ 1930ರಲ್ಲಿ ಬಂದ ಆನ್ ಡೇಂಗರ್ ಸುತ್ತಲ ಹಳ್ಳಿಗಳ ಕುಂಬಾರರಿಂದ ಚಕ್ರ ತಿರುಗಿಸುವುದನ್ನು ಕಲಿತು, ಬಡತನದಲ್ಲೇ 1951ರಲ್ಲಿ ಸಾಯುವವರೆಗೆ ಅಲ್ಲಿ ದುಡಿದಳು. ಆ ಮನೆ ಗ್ಲೇಜ್ ಹೆಸರಿನ ಪ್ರತಿಷ್ಠಾನದ ಆಶ್ರಯದಲ್ಲಿ ಇಂದಿಗೂ ಕಲಾವಿದರಿಗೆ ತೆರೆದಿದೆ.